ತೇಪೆ ಹಾಕಿದ ದಿನ

ರಾಣೆಬೆನ್ನೂರಿನ ಆ ನರ್ಸಿಂಗ್ ಹೋಮಿನಲ್ಲಿ ಬೆಳಗಿನ ಹೊತ್ತು ಬೆಂಚುಗಳೆಲ್ಲ ತುಂಬಿರುತ್ತಿದ್ದವು. ಹೆಸರು ಬರೆಸುವ ಕೌಂಟರಿನಲ್ಲಿ, ಕಂಪ್ಯೂಟರ್ ಮುಂದೆ ಕೂತಿದ್ದ ಜಯವ್ವನ ಎದುರು ಒಬ್ಬ ರೈತ ಬಂದು ನಿಂತ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. ಹಿಂದಿದ್ದವರು ಅವಸರ ಮಾಡುತ್ತಿದ್ದರು.

“ಅಕ್ಕಾರ, ನಿಮ್ಮ ಕಂಪ್ಯೂಟರ್‌ನ್ಯಾಗ ನಮ್ಮ ಹುಡುಗಿ ಹೆಸರೈತಲ್ರಿ, ಅದನ್ನ ಅಳಿಸಿಬಿಡ್ರಿ” ಎಂದ.

ಜಯವ್ವ ಅವನನ್ನು ಪಕ್ಕದ ಕೋಣೆಗೆ ಕರೆದು ಕೂರಿಸಿದಳು. ಮೋಟೆಬೆನ್ನೂರಿನ ಭರಮಣ್ಣ. ಮಗಳು ಗುತ್ತೆವ್ವನಿಗೆ ಚಿಕ್ಕಂದಿನಿಂದ ಫಿಟ್ಸ್ ಬರುತ್ತಿತ್ತು. ಇಲ್ಲಿನ ಔಷಧ ಹಿಡಿದ ಮೇಲೆ ನಿಂತಿತ್ತು. ಅಗಡಿಯಿಂದ ಒಂದು ಸಂಬಂಧ ಬಂದು, ಮಾತುಕತೆ ಕೂಡಿಬರುವ ಹೊತ್ತಿಗೆ ಗಂಡಿನ ಕಡೆಯವರು ಬೇಡವೆಂದುಬಿಟ್ಟರು.

“ಮಂದಿ ಅಂತಾರ ಅಂತ ಹೇಳಿದ್ರ ಬ್ಯಾರೆ ಇತ್ರಿ. ಅವರು ಗುಳಿಗಿ ಹೆಸರ ಹೇಳಿದ್ರು. ಯಾವಾಗಿಂದ ತಗೋತಾಳ ಅನ್ನೂದೂ ಹೇಳಿದ್ರು. ಗುಳಿಗಿ ಡಾಕ್ಟರ್ ತಮ್ಮ ಕೈಯಾರೆ ಕೊಡತಿದ್ರು. ನನಗ, ಆಕಿ ಅವ್ವಗ ಬಿಟ್ರ ಯಾರಿಗೂ ಗೊತ್ತಿಲ್ಲ. ಅವರಿಗೆ ಹೇಳಿದವರ್ಯಾರ್ರಿ?”

“ನೋಡತೇವ್ರಿ” ಎಂದಷ್ಟೇ ಹೇಳಿ ಜಯವ್ವ ಅವನನ್ನು ಕಳಿಸಿದಳು.

ಅದು ತೊಂಬತ್ತೆಂಟರ ಮಾತು. ಆಸ್ಪತ್ರೆಯಲ್ಲಿ ಒಂದೇ ಒಂದು ದೊಡ್ಡ ಕಂಪ್ಯೂಟರ್. ಅದರಿಂದ ಕೌಂಟರಿಗೆ, ಲ್ಯಾಬಿಗೆ, ಎಕ್ಸ್‌ರೇ ಕೋಣೆಗೆ, ಡಾಕ್ಟರ ಕೋಣೆಗೆ ತಂತಿ ಎಳೆದು ಒಂದೊಂದು ಪರದೆ ಇಟ್ಟಿದ್ದರು. ಕೌಂಟರಿನ ಜೊತೆಗೆ ಅದನ್ನೆಲ್ಲ ನೋಡಿಕೊಳ್ಳುವ ಕೆಲಸವೂ ಜಯವ್ವನದೇ. ಯಾರು ಏನನ್ನು ನೋಡಬಹುದು, ಏನನ್ನು ನೋಡಬಾರದು ಎಂದು ಕಾಯುವುದು ಆಪರೇಟಿಂಗ್ ಸಿಸ್ಟಮಿನ ತಿರುಳು. ಅದಕ್ಕೆ ಕರ್ನಲ್ ಎನ್ನುತ್ತಾರೆ. ತಮ್ಮಲ್ಲಿರುವ ಕರ್ನಲ್ಲಿನಲ್ಲಿ ಒಂದು ದೋಷವಿದೆ, ಅದರ ಸಂದಿಯಿಂದ ನುಸುಳಿದರೆ ಯಾರು ಬೇಕಾದರೂ ಇಡೀ ಯಂತ್ರದ ಯಜಮಾನನಾಗಬಹುದು ಎಂಬುದು ಜಯವ್ವನಿಗೆ ಕೆಲವು ವಾರಗಳ ಹಿಂದೆಯೇ ತಿಳಿದಿತ್ತು. ಕರ್ನಲ್ ಮಾಡಿದವರೇ ಆ ಸಂದಿ ಮುಚ್ಚುವ ತೇಪೆಯನ್ನು, ಅಂದರೆ ಪ್ಯಾಚನ್ನು, ಹೊರತಂದಿದ್ದರು. ಹುಬ್ಬಳ್ಳಿಯ ಪರಿಚಯದವರಿಂದ ಅದನ್ನು ಫ್ಲಾಪಿಯಲ್ಲಿ ತರಿಸಿಯೂ ಇಟ್ಟಿದ್ದಳು. ಹಾಕಿರಲಿಲ್ಲ.

ಹಾಕಲು ಡಾಕ್ಟರ್ ಮಾಲತೇಶಪ್ಪ ಒಪ್ಪಿರಲಿಲ್ಲ. “ಹೋದ ವರ್ಷ ನೀ ಹಿಂಗ ಏನೋ ಹೊಸದು ಹಾಕಿದಿ. ದಿನಪೂರ್ತಿ ಲ್ಯಾಬಿನ ಪರದೆ ಕಪ್ಪಗ ಕುಂತಿತ್ತು. ಬಾಣಂತಿ ರಕ್ತದ ಗುಂಪು ಸಿಗಲಾರದ ಎಷ್ಟು ಒದ್ದಾಡಿದ್ವಿ, ಮರತೀಯೇನು? ಓಡೂ ಯಂತ್ರಕ್ಕ ಯಾಕ ತ್ಯಾಪಿ ಹಚ್ಚತಿ? ನಮ್ಮೂರಾಗ ಇದೆಲ್ಲ ಯಾರಿಗೆ ತಿಳೀತದ?” ಎಂದಿದ್ದರು. ಆ ಬಾಣಂತಿ ಉಳಿದುಕೊಂಡಳು. ಆದರೆ ಆ ದಿನವನ್ನು ಜಯವ್ವನೂ ಮರೆತಿರಲಿಲ್ಲ. ಹೀಗಾಗಿ ಅವಳೂ ಮತ್ತೆ ಒತ್ತಾಯಿಸಲಿಲ್ಲ.

ಭರಮಣ್ಣ ಹೋದ ಮೇಲೆ ಎಲ್ಲರ ಖಾತೆಗಳನ್ನೂ ಹುಡುಕಿದಳು. ಎಕ್ಸ್‌ರೇ ಕೋಣೆಯ ಹೊಳಿಯಪ್ಪನ ಖಾತೆಯಲ್ಲಿ ಗುರುತಿಲ್ಲದ ಪುಟ್ಟದೊಂದು ಪ್ರೋಗ್ರಾಮ್ ಸಿಕ್ಕಿತು. ಗುತ್ತೆವ್ವನ ಹೆಸರು ಕೊಟ್ಟು ಅದನ್ನು ಓಡಿಸಿ ನೋಡಿದಳು. ಯಾವ ಪಾಸ್‌ವರ್ಡನ್ನೂ ಕೇಳದೆ ಗುತ್ತೆವ್ವನ ಕಾಯಿಲೆಯ ಪೂರ್ತಿ ವಿವರ ಪರದೆಯ ಮೇಲೆ ತೆರೆದುಕೊಂಡಿತು.

ಹೊಳಿಯಪ್ಪ ನಡುವಯಸ್ಸಿನ ಸಾಧು ಮನುಷ್ಯ. ಎಕ್ಸ್‌ರೇಗೆ ಬಂದ ಮುದುಕರನ್ನು ಕೈಹಿಡಿದು ಮೇಜಿನ ಮೇಲೆ ಹತ್ತಿಸುವವನು. ಕೇಳಿದಾಗ ಅಲ್ಲಗಳೆಯಲಿಲ್ಲ.

“ಪ್ಯಾಟ್ಯಾಗಿನ ಕಂಪ್ಯೂಟರ್ ಅಂಗಡಿಯಾಂವ ಹಾಕಿಕೊಟ್ಟಾನ. ಆ ಅಗಡಿ ಹುಡುಗ ನನ್ನ ತಂಗಿ ಮಗ. ಆ ಹುಡುಗಿ ತಿಂಗಳಾ ತಿಂಗಳಾ ಇಲ್ಲಿಗೆ ಬರೂದನ್ನ ನೋಡಿದ್ದೆ. ನೋಡಿನೂ ಸುಮ್ಮನ ಕುಂದ್ರಬೇಕಿತ್ತೇನು? ನಾಳೆ ಏನರ ಆಗಿದ್ರ ನನ್ನ ತಂಗಿ ನನ್ನ ಕೇಳತಿದ್ಲು.”

“ಆಕಿ ತನ್ನ ಜಡ್ಡು ಡಾಕ್ಟರ್‌ಗ ಹೇಳ್ಯಾಳ. ನಿಮಗ ಹೇಳಿಲ್ಲಲ್ರಿ ಹೊಳಿಯಪ್ಪಣ್ಣ.”

“ಮತ್ತ ಹುಡುಗಿ ಮನಿಯವರರ ನಮಗ ಹೇಳತಿದ್ರೇನು?”

ಜಯವ್ವ ಎದ್ದು ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು.

ಡಾಕ್ಟರು ಸಿಟ್ಟಿನಿಂದ ಕೆಂಪಾದರು. ಹೊಳಿಯಪ್ಪ ಇನ್ನು ಕಂಪ್ಯೂಟರ್ ಮುಟ್ಟಬಾರದೆಂದು ಆಜ್ಞೆಯಾಯಿತು. ಆದರೆ ಜಯವ್ವ ಪ್ಯಾಚಿನ ಮಾತೆತ್ತಿದಾಗ ಬೇಡವೆಂದು ತಲೆಯಲ್ಲಾಡಿಸಿದರು.

“ಮಾಡಿದಾಂವ ಸಿಕ್ಕ, ಮುಗೀತು. ಇದು ಹೊರಗ ಹೋದ್ರ ನಾಳೆ ಒಬ್ಬರೂ ಒಳಗ ಬರಂಗಿಲ್ಲ.”

“ಇವರು ಬಿಟ್ರ ಇನ್ನೊಬ್ಬರು ಬರ್ತಾರ ಸರ. ಸಂದಿ ಹಂಗ ಐತಿ.”

“ಲ್ಯಾಬ್ ನಿಂತು ಯಾರಿಗರ ಹೆಚ್ಚುಕಮ್ಮಿ ಆದ್ರ ಜವಾಬ್ದಾರಿ ನೀ ತಗೋತಿಯೇನು?”

ಜಯವ್ವ ತನ್ನ ಜಾಗಕ್ಕೆ ಬಂದು ಕೂತಳು.

ಕೆಲವು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ ಬ್ಯಾಡಗಿಯಿಂದ ಟೆಂಪೋ ಒಂದು ಬಂದು ಬಾಗಿಲಲ್ಲಿ ನಿಂತಿತು. ನಾಲ್ಕಾರು ಹೆಂಗಸರು ಗುತ್ತೆವ್ವನನ್ನು ಎತ್ತಿ ಇಳಿಸಿದರು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗಿದ್ದವಳು ಅಲ್ಲಿಯೇ ಫಿಟ್ಸ್ ಬಂದು ಕಲ್ಲಿನ ಮೇಲೆ ಬಿದ್ದಿದ್ದಳು. ಯಾರೋ ಹಿಡಿಸಿದ್ದ ಕಬ್ಬಿಣದ ಕೀಲಿ ಇನ್ನೂ ಮುಷ್ಟಿಯಲ್ಲಿತ್ತು. ಹಣೆಯ ರಕ್ತಕ್ಕೆ ಕಾಯಿಯ ಪುಡಿ ಮೆತ್ತಿ, ಎಚ್ಚರವಾದಂತೆಲ್ಲ ಉರಿಗೆ ನರಳುತ್ತಿದ್ದಳು.

ಡಾಕ್ಟರು ತೊಳೆದು ಹೊಲಿಗೆ ಹಾಕಿದರು. ಅವಳು ಸುಧಾರಿಸಿಕೊಂಡ ಮೇಲೆ, “ಗುಳಿಗಿ ಬಿಟ್ಟೀಯೇನವಾ? ಯಾಕ ಬಿಟ್ಟಿ?” ಎಂದು ಕೇಳಿದರು.

ಗುತ್ತೆವ್ವ ಗೋಡೆ ನೋಡುತ್ತ ಹೇಳಿದಳು: “ನಿಮ್ಮ ಕಡೆ ಬಂದ್ರ ಊರಿಗೆಲ್ಲ ಗೊತ್ತಾಗ್ತದಲ್ರಿ. ಅಗಡಿ ಹುಡುಗ ಮತ್ತೊಮ್ಮೆ ಮಾತಾಡಾಕ ಬರಾಂವ ಇದ್ದ. ನಾನ ಹೇಳಬೇಕಂತ ಮನಸ್ಸು ಗಟ್ಟಿ ಮಾಡಿದ್ದೆ. ಅಷ್ಟರಾಗ ಇಲ್ಲಿಂದನ ಹೋತು ಮಾತು.”

ಡಾಕ್ಟರು ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದರು. ಒದ್ದೆ ಕೈಯಲ್ಲೇ ಕೌಂಟರಿಗೆ ಬಂದರು.

“ಜಯವ್ವ, ಯಂತ್ರ ನಿಲ್ಲಿಸು. ಈಗ.”

“ಲ್ಯಾಬು, ಸರ?”

“ಕೈಯಾಗ ಬರೀತಾರ. ನಾ ಮುಂದ ನಿಂತು ಬರಸ್ತೇನಿ. ಜವಾಬ್ದಾರಿ ನಂದು.”

ಆಮೇಲೆ ಬೆಂಚುಗಳ ಕಡೆ ತಿರುಗಿದರು. “ನಮ್ಮ ಕಂಪ್ಯೂಟರ್‌ನ್ಯಾಗ ಒಂದು ಸಂದಿ ಇತ್ತು. ಅದರಾಗ ಹಾದು ಒಬ್ಬರ ಜಡ್ಡಿನ ವಿಷಯ ನೋಡಬಾರದವರು ನೋಡ್ಯಾರ. ಗೊತ್ತಿದ್ದೂ ನಾ ಮುಚ್ಚಿಸಿರಲಿಲ್ಲ. ಇವತ್ತ ಮುಚ್ಚಸಾಕತ್ತೇನಿ. ತಡ ಆಗ್ತದ.”

“ನಂದೂ ನೋಡ್ಯಾರೇನಪಾ?” ಎಂದಳು ಒಬ್ಬ ಮುದುಕಿ.

“ಗೊತ್ತಿಲ್ಲವ್ವಾ. ನೋಡಿದ್ರೂ ನೋಡಿರಬಹುದು.”

ಇಬ್ಬರು ಮೂವರು ಎದ್ದು ಹೋದರು. ಉಳಿದವರು ಕೂತೇ ಇದ್ದರು.

ಜಯವ್ವ ಪ್ಯಾಚನ್ನು ಸೇರಿಸಿ ಕರ್ನಲ್ಲನ್ನು ಹೊಸದಾಗಿ ಕಟ್ಟಲು ಹಚ್ಚಿದಳು. ಆ ಹಳೆಯ ಯಂತ್ರ ಸಂಜೆಯವರೆಗೆ ಗುರುಗುಟ್ಟಿತು. ಮತ್ತೆ ಶುರು ಮಾಡಿದಾಗ ಕೌಂಟರಿನ ಪರದೆ ಬಂತು, ಎಕ್ಸ್‌ರೇ ಕೋಣೆಯದು ಬಂತು. ಲ್ಯಾಬಿನದು ಬರಲಿಲ್ಲ. ಹಳೆಯ ಕರ್ನಲ್ಲನ್ನು ಪಕ್ಕಕ್ಕೆ ಎತ್ತಿಟ್ಟಿದ್ದಳು. ಬೇಕೆಂದರೆ ಒಂದು ಗಳಿಗೆಯಲ್ಲಿ ಹಿಂದಕ್ಕೆ ಹೋಗಬಹುದಿತ್ತು. ಡಾಕ್ಟರ ಮುಖ ನೋಡಿದಳು. ಅವರು ಲ್ಯಾಬಿನ ವರದಿಯೊಂದನ್ನು ಕೈಯಲ್ಲಿ ಬರೆಯುತ್ತಿದ್ದರು. “ನಾಳೆ ಮುಂಜಾನೆ ನೋಡು, ಇವತ್ತ ಹಿಂಗ ನಡೀತದ” ಎಂದರು.

ಲ್ಯಾಬಿನ ತಂತಿ ಸೇರುವ ಕಾರ್ಡನ್ನು ನಡೆಸುವ ಭಾಗ ಹೊಸ ಕರ್ನಲ್ಲಿನಲ್ಲಿ ಬಿಟ್ಟುಹೋಗಿತ್ತು. ಮರುದಿನ ಅದನ್ನೂ ಸೇರಿಸಿ ಮತ್ತೆ ಕಟ್ಟಿದಳು. ಮಧ್ಯಾಹ್ನದ ಹೊತ್ತಿಗೆ ಲ್ಯಾಬಿನಿಂದ “ಬಂತ್ರೀ!” ಎಂಬ ಕೂಗು ಕೇಳಿಸಿತು. ಕೊನೆಗೆ ಹೊಳಿಯಪ್ಪನ ಆ ಪ್ರೋಗ್ರಾಮನ್ನು ಓಡಿಸಿದಳು. ಅದು ಏನನ್ನೂ ತೆರೆಯಲಾರದೆ ನಿಂತಿತು.

ಡಾಕ್ಟರು, ಜಯವ್ವ ಇಬ್ಬರೂ ಗುತ್ತೆವ್ವ ಮಲಗಿದ್ದ ವಾರ್ಡಿಗೆ ಹೋಗಿ, ಅವಳ ಮತ್ತು ಸುದ್ದಿ ತಿಳಿದು ಬಂದಿದ್ದ ತಂದೆಯ ಮುಂದೆ ನಡೆದದ್ದನ್ನೆಲ್ಲ ಹೇಳಿದರು.

“ಮೊದಲ ಗೊತ್ತಿತ್ತೇನ್ರಿ ನಿಮಗ?” ಭರಮಣ್ಣ ಕೇಳಿದ.

“ಗೊತ್ತಿತ್ರಿ” ಎಂದಳು ಜಯವ್ವ. ಭರಮಣ್ಣ ಮುಖ ತಿರುಗಿಸಿ ಕಿಟಕಿಯಾಚೆ ನೋಡಿದ. ಹೊಳಿಯಪ್ಪ ಬಂದು ತಪ್ಪಾಯಿತೆನ್ನಲು ಬಾಗಿಲ ಹೊರಗೆ ಕಾದಿದ್ದಾನೆಂದು ಡಾಕ್ಟರು ಹೇಳಿದಾಗ, ಗುತ್ತೆವ್ವ “ಅವರು ಬರೂದು ಬ್ಯಾಡ್ರಿ” ಎಂದಳು. ಅವಳನ್ನು ಯಾರೂ ಒತ್ತಾಯಿಸಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು: “ಇನ್ನ ಯಾರೂ ನೋಡಂಗಿಲ್ಲೇನ್ರಿ ಅಕ್ಕಾರ?”

“ಈ ಸಂದಿ ಮುಚ್ಚೇತಿ. ಮತ್ತೊಂದು ಎಲ್ಲೆರ ಇದ್ರೂ ಇರಬಹುದು. ಇಲ್ಲಂತ ಸುಳ್ಳು ಹ್ಯಾಂಗ ಹೇಳ್ಲಿ? ಗೊತ್ತಾದ ಕೂಡಲೆ ಮುಚ್ಚತೇನಿ. ನಿನಗೂ ಹೇಳತೇನಿ.”

ಡಾಕ್ಟರು ಗುಳಿಗೆ ಹಿಡಿದ ಕೈ ಚಾಚಿದರು. ಗುತ್ತೆವ್ವ ಅದನ್ನೇ ನೋಡಿದಳು. ಬಳಿಕ ತೆಗೆದುಕೊಂಡು ನೀರು ಕುಡಿದಳು.

ಪಕ್ಕದ ಮಂಚದ ಮುದುಕವ್ವ ಅಷ್ಟು ಹೊತ್ತೂ ಕಣ್ಣುಮುಚ್ಚಿ ಮಲಗಿದ್ದಳು. ಎದ್ದು ಕೂತು, “ಏನಾಗಿತ್ತಪಾ ಹುಡುಗಿಗೆ?” ಎಂದಳು.

“ಬಿಸಿಲಿಗೆ ತಲಿ ತಿರುಗಿ...” ಎಂದು ಭರಮಣ್ಣ ಶುರು ಮಾಡಿದ.

“ಅಲ್ಲಪ್ಪಾ” ಎಂದು ಗುತ್ತೆವ್ವ ತಂದೆಯನ್ನು ತಡೆದು, ಮುದುಕಿಯ ಕಡೆ ಹೊರಳಿದಳು. “ಫಿಟ್ಸ್ ಅದಬೇ ನನಗ. ಗುಳಿಗಿ ಬಿಟ್ಟಿದ್ದೆ, ಅದಕ್ಕ ಬಿದ್ದೆ.”

ಮುದುಕವ್ವ ಅವಳನ್ನೇ ದಿಟ್ಟಿಸಿದಳು. “ಹೌದಾ? ಹಂಗಾದ್ರ ಇನ್ನ ಬಿಡಬ್ಯಾಡವಾ” ಎಂದು, ಹುಡುಗಿಯ ಕಣ್ಣಿಗೆ ಬಿಸಿಲು ಬೀಳದಂತೆ ಕಿಟಕಿಯ ಬಾಗಿಲನ್ನು ಮುಂದಕ್ಕೆ ಎಳೆದಳು.