ಕೆಂಪು ಕ್ಯಾಲಿಪರ್

ಬೋರ್ಡು ಬರೆಯುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ನಾನು ಬರೆದ ‘ಇಲ್ಲಿ ಗಾಡಿ ನಿಲ್ಲಿಸಬೇಡಿ’ ಓದಿ ಗಾಳಿ ಕೂಡ ನಿಲ್ಲದೆ ಮುಂದಕ್ಕೆ ಹೋಗುತ್ತದೆ. ಅಂಥವನ ಹೆಂಡತಿ ಕಾರು ಓಡಿಸುವುದನ್ನು ಕಲಿಸುವವಳು. ಇರುವುದು ಒಂದೇ ಕಾರು. ಅವತ್ತು ಮಧ್ಯಾಹ್ನ ಆರ್‌ಟಿಒ ಇನ್ಸ್‌ಪೆಕ್ಟರು ಬಂದು ಅದನ್ನು ಪರೀಕ್ಷಿಸಿ ಒಪ್ಪಿದರೆ ಅವಳ ಶಾಲೆ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಮುಚ್ಚಬೇಕು.

ಬೆಳಿಗ್ಗೆ ಅವಳು ಒಳಗೆ ಪಾಠ ಹೇಳುತ್ತಿದ್ದಾಗ ಮುಂದಿನ ಎರಡೂ ಚಕ್ರ ಬಿಚ್ಚಿದೆ. ಬ್ರೇಕಿನ ತಟ್ಟೆಯನ್ನು ಇಕ್ಕಳದಂತೆ ಹಿಡಿಯುವ ಕ್ಯಾಲಿಪರ್‌ಗಳು ತುಕ್ಕು ಹಿಡಿದಿದ್ದವು. ತಂತಿ ಬ್ರಷ್ಷಿನಿಂದ ಉಜ್ಜಿ ಕೆಂಪು ಬಣ್ಣ ಬಳಿದೆ. ಸೂರ್ಯ ನಾಚಿ ಮೋಡದ ಹಿಂದೆ ಸರಿದ. ಆದರೆ ಬೋರ್ಡಿನವನ ಕೈ ನೋಡಿ, ಬೋಳು ಜಾಗ ಕಂಡರೆ ಸುಮ್ಮನಿರದು. ಪಕ್ಕದ ತಟ್ಟೆಗೂ ಬೆಳ್ಳಿ ಬಣ್ಣ ಬಳಿದು ವಾರ್ನಿಷ್ ಕೊಟ್ಟೆ.

ಜಗಲಿಯಿಂದ ಅತ್ತೆ ಕೇಳಿದರು, “ಅಳಿಯಂದ್ರೇ, ಬ್ರೇಕ್ ಹಿಡ್ಕೊಳ್ಳೋ ಜಾಗ ಅದೇ ಅಲ್ವಾ? ಜಾರಲ್ವಾ?”

“ಜಾರಿದ್ರೆ ನನ್ನ ಹೆಸರು ಬದಲಾಯಿಸಿ, ಅತ್ತೆ!”

ಅಂದವನೇ ತಟ್ಟೆಯ ಮೇಲೆ ಬೆರಳು ಒತ್ತಿ ನೋಡಿದೆ. ಬೆಣ್ಣೆಯಂತೆ ಜಾರಿತು. ಡಬ್ಬಿ ಡಬ್ಬಿ ಥಿನ್ನರ್ ಸುರಿದು ಒರೆಸಿದೆ. ಕರಗಿದ ಬಣ್ಣ ಬ್ರೇಕಿನ ಪ್ಯಾಡಿಗೂ ಇಳಿಯಿತು. ಚಕ್ರ ತೊಡಿಸುವಷ್ಟರಲ್ಲಿ ಇನ್ಸ್‌ಪೆಕ್ಟರು ಗೇಟಿನಲ್ಲಿದ್ದರು.

“ಎಲ್ಲಾ ಸರಿ ಇದೆ ತಾನೇ?” ಎಂದಳು ಹೆಂಡತಿ.

“ನಿನ್ನ ಗಂಡ ಮುಟ್ಟಿದ್ದು ಕೆಡೋದುಂಟಾ?” ಹಾಳು ನಾಲಿಗೆ!

ಮನೆ ಹಿಂದಿನ ಬಯಲಿನಲ್ಲಿ ಬಿಳಿ ಗೆರೆ ಎಳೆದು, ಕಾರು ಅಲ್ಲಿಗೆ ನಿಲ್ಲಬೇಕೆಂದು ಹೇಳಿ, ಅದರಾಚೆ ಇನ್ಸ್‌ಪೆಕ್ಟರು ನಿಂತರು. ನಾನು ಓಡಿಹೋಗಿ ಅವಳ ಪಕ್ಕದ ಸೀಟು ಹತ್ತಿದೆ.

“ನಿಧಾನ ಕಣೇ, ದಮ್ಮಯ್ಯ!”

“ಯಾಕ್ರೀ ಹೀಗೆ ಬೆವರ್ತಿದ್ದೀರಾ?”

ಗೆರೆ ಬಂತು. ಅವಳು ಬ್ರೇಕ್ ಒತ್ತಿದಳು. ಕಲಿಸುವವರಿಗೆಂದು ನನ್ನ ಕಾಲಡಿಯಲ್ಲಿದ್ದ ಇನ್ನೊಂದು ಪೆಡಲನ್ನು ನಾನು ಭೂಮಿ ಬಿರಿಯುವಂತೆ ತುಳಿದೆ. ಕಾರು ಕೇಳಲಿಲ್ಲ. ಇನ್ಸ್‌ಪೆಕ್ಟರು ಹಾರಿದರು. ಅವಳು ಹ್ಯಾಂಡ್‌ಬ್ರೇಕ್ ಎಳೆದಳು. ಕಾರು ಹಳೇ ಟೈರಿನ ರಾಶಿಗೆ ಒರಗಿ ನಿಂತಿತು.

ಇನ್ಸ್‌ಪೆಕ್ಟರು ಬಗ್ಗಿ ಚಕ್ರದೊಳಗೆ ಇಣುಕಿದರು. “ಬಣ್ಣ ಮಾತ್ರ ಭರ್ಜರಿ. ಯಾರ ಕೈಚಳಕ?”

ಈ ಪ್ರಶ್ನೆಗಾಗಿ ನಾನು ಜನ್ಮವಿಡೀ ಕಾದಿದ್ದೆ. “ನಂದೇ ಸಾರ್. ಅವಳಿಗೆ ಗೊತ್ತೇ ಇಲ್ಲ. ಕಾಲಿಗೆ ಬೀಳ್ತೀನಿ, ಅವಳ ಹೊಟ್ಟೆ ಮೇಲೆ ಹೊಡೀಬೇಡಿ.”

“ಯಾರು ಕೆಡಿಸಿದ್ರೂ ಕಾರು ನಿಲ್ಲಲಿಲ್ಲವಲ್ಲಪ್ಪಾ” ಎಂದು ಹೊರಟೇಬಿಟ್ಟರು.

ಹೆಂಡತಿ ಉಳಿದ ಥಿನ್ನರ್ ಡಬ್ಬಿ ತಂದು ಕೈಗಿಟ್ಟಳು. “ಗೇಟಿನ ಬೋರ್ಡೂ ಒರೆಸಿಬಿಡಿ.”

ಅವಳ ಶಾಲೆಯ ಹೆಸರನ್ನು ಬರೆದ ದಿನ, ಪ್ರಳಯ ಬಂದರೂ ಇದು ಅಳಿಯದು ಎಂದು ಬೀದಿಗೆಲ್ಲ ಸಾರಿದ್ದೆ. ಬಟ್ಟೆ ಒಂದು ಸಲ ಆಡಿಸಿದೆ. ಮೊದಲ ಅಕ್ಷರ ಹೋಯಿತು.