ಡೆನ್ಜಿಲ್ ಜಾಗ ಬಿಟ್ಟುಕೊಟ್ಟ ದಿನ

ಮಧ್ಯಾಹ್ನ ಊಟ ಮುಗಿಸಿ ಹತ್ತು ನಿಮಿಷ ಅಡ್ಡಾದರೆ ಸಾಕು, ನನ್ನ ಗಂಡ ಡೆನ್ಜಿಲ್ ಬಂದುಬಿಡುತ್ತಾರೆ. ಸತ್ತು ಆರು ವರ್ಷವಾದರೂ ಈ ಅಭ್ಯಾಸ ಬಿಟ್ಟಿಲ್ಲ. ಆ ವಾರವಂತೂ ಮೂರು ದಿನ ಒಂದೇ ಕನಸು. ಬೋಳಾರದ ನಮ್ಮ ಮೊದಲ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಚಾಪೆ ಸುತ್ತಿಟ್ಟುಕೊಂಡು ಕೂತಿದ್ದಾರೆ. ಪಕ್ಕದ ಹೊಳೆಯ ಬೆಳಕು ಗೋಡೆಯ ಮೇಲೆ ಅಲುಗಾಡುತ್ತಿದೆ. ಸಾಮಾನು ಒಯ್ಯುವ ಟೆಂಪೊ ಬರಬೇಕು, ಬಂದಿಲ್ಲ.

“ಎಂತ ಮಾರಾಯ್ತಿ, ನೀನಿನ್ನೂ ಕಟ್ಟಲಿಲ್ವಾ?” ಎನ್ನುತ್ತಾರೆ.

ಎಲ್ಲಿಗೆ ಹೋಗುವುದು ಎಂದು ಕೇಳುವಷ್ಟರಲ್ಲಿ ಎಚ್ಚರವಾಗುತ್ತದೆ. ನೋಡಿದರೆ ಬಿಜೈಯ ಮನೆ, ತಿರುಗುವ ಫ್ಯಾನು, ನಾನೊಬ್ಬಳು. ಆದರೂ ಒಂದು ಗಳಿಗೆ ಗೋಡೆಯ ಮೇಲೆ ಆ ಹೊಳೆಯ ಬೆಳಕು ಉಳಿದೇ ಇರುತ್ತದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಡ್ಯಾಫ್ನಿ ಟೀಚರಿಗೆ ಅರಳುಮರಳು ಎನ್ನುತ್ತಾರೆ.

ಕನಸಿಗೆ ಕಾರಣ ನನಗೆ ಗೊತ್ತಿತ್ತು. ನಮ್ಮ ಚರ್ಚಿನ ಸ್ಮಶಾನ ಚಿಕ್ಕದು. ಊರು ಬೆಳೆಯಿತು, ಸ್ಮಶಾನ ಬೆಳೆಯಲಿಲ್ಲ. ಹಾಗಾಗಿ ಸಮಾಧಿಗಳನ್ನು ಆರು ವರ್ಷವಾದ ಮೇಲೆ ಸಾಲಿನ ಪ್ರಕಾರ ತೆರೆಯುತ್ತಾರೆ. ಉಳಿದ ಮೂಳೆಗಳನ್ನು ಮೂಲೆಯಲ್ಲಿರುವ ಮುಚ್ಚಳದ ಬಾವಿಗೆ ಇಳಿಸಿ, ಅದೇ ಗುಂಡಿಯಲ್ಲಿ ಹೊಸಬರನ್ನು ಹೂಳುತ್ತಾರೆ. ಮನೆಯವರು ಮೊದಲೇ ಬಂದು ಒಂದು ಕಾಗದಕ್ಕೆ ಸಹಿ ಹಾಕಬೇಕು. ನನ್ನ ಅತ್ತೆಯ ಸರದಿ ಬಂದಾಗ ನಾನೇ ಸಹಿ ಹಾಕಿದ್ದೆ, ಪೆನ್ನು ಸರಿಯಿಲ್ಲವೆಂದು ಗೊಣಗುತ್ತ. ಅತ್ತೆಯ ವಿಷಯದಲ್ಲಿ ಭಕ್ತಿ ಬಹಳ ಸುಲಭ. ಗಂಡನ ಸರದಿ ಬಂದಾಗ ಆಗುವುದಿಲ್ಲವೆಂದು ಕಡ್ಡಿ ಮುರಿದಂತೆ ಹೇಳಿದೆ.

“ಸಾಲಿನಲ್ಲಿ ಉಳಿದವರೆಲ್ಲ ಹಾಕಿದ್ದಾರೆ ಟೀಚರ್,” ಎಂದರು ಫಾದರ್. ಮೂರನೇ ಕ್ಲಾಸಿನಲ್ಲಿ ನನ್ನಿಂದಲೇ ಮಗ್ಗಿ ಕಲಿತವರು.

“ಹಾಕಲಿ. ನನ್ನ ಗಂಡ ಅಲ್ಲಿ ಯಾರಿಗೆ ಎಂತ ತೊಂದರೆ ಕೊಡ್ತಾ ಇದ್ದಾರೆ?”

“ಜಾಗ ಇಲ್ಲ ಟೀಚರ್.”

“ಹಾಗಾದ್ರೆ ಮಹಡಿ ಕಟ್ಟಿ. ಊರಿಡೀ ಅದನ್ನೇ ಮಾಡ್ತಾ ಉಂಟಲ್ಲ.”

ಪಾಪ, ಅವರ ಕಿವಿ ಕೆಂಪಾಯಿತು. ನನ್ನ ಕೋಪ ಅವರ ಮೇಲೆ ಇರಲಿಲ್ಲ. ಡೆನ್ಜಿಲ್ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವರು. ಬೆನ್ನ ಹಿಂದೆ ಐವತ್ತು ಜನ ಗಲಾಟೆ ಮಾಡುತ್ತಿದ್ದರೇ ಅವರಿಗೆ ಉಸಿರಾಡಲು ಆಗುತ್ತಿದ್ದದ್ದು. ಒಬ್ಬರೇ ಕೂತು ಉಂಡವರಲ್ಲ. ಕ್ಷೌರಕ್ಕೆ ಹೋಗಲೂ ಪಕ್ಕದ ಮನೆಯವರನ್ನು ಎಬ್ಬಿಸುತ್ತಿದ್ದರು. ಅಂಥವರು ಕೊರೊನಾ ವರ್ಷ ಆಸ್ಪತ್ರೆಯ ಬಾಗಿಲ ಆಚೆ ಒಬ್ಬರೇ ಸತ್ತರು. ನನಗೆ ಮುಖ ತೋರಿಸಲಿಲ್ಲ, ಕೈ ಮುಟ್ಟಲು ಬಿಡಲಿಲ್ಲ. ಪ್ಲಾಸ್ಟಿಕ್ ಉಡುಪಿನ ನಾಲ್ಕು ಜನ ಅವರನ್ನು ಹೂಳುವಾಗ ನಾನು ಗೇಟಿನ ಹೊರಗೆ ರಸ್ತೆಯಲ್ಲಿ ನಿಂತಿದ್ದೆ. ಅಂದಿನಿಂದ ಪ್ರತಿ ಆದಿತ್ಯವಾರ ಚರ್ಚಿನ ಪೂಜೆ ಮುಗಿಸಿ ಒಂದು ಗಂಟೆ ಅವರ ಹತ್ತಿರ ಕೂರುತ್ತೇನೆ. ಸತ್ತವರ ಪುನರುತ್ಥಾನವನ್ನು ನಂಬುತ್ತೇನೆಂದು ಪೂಜೆಯಲ್ಲಿ ಎಲ್ಲರ ಜೊತೆ ಹೇಳುತ್ತಿದ್ದೆ ನಿಜ. ಬಾಯಿ ಹೇಳುತ್ತಿತ್ತು, ಮನಸ್ಸು ಬಂಗುಡೆ ಮೀನಿನ ರೇಟಿನಲ್ಲಿ ಇರುತ್ತಿತ್ತು. ನನ್ನ ಪಾಲಿಗೆ ನಿಜವಾಗಿದ್ದದ್ದು ಆ ಆರಡಿ ಮಣ್ಣು ಮಾತ್ರ.

ಬುಧವಾರ ಫಾದರ್ ಮನೆಗೇ ಬಂದರು. ಬಜಪೆ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದ ಪ್ರೇಮ್ ಎಂಬ ನಮ್ಮ ಚರ್ಚಿನ ಯುವಕ ಬೈಕಿನಿಂದ ಬಿದ್ದು ತೀರಿಕೊಂಡಿದ್ದ. ಮದುವೆಯಾಗಿ ಎರಡು ವರ್ಷ. ನಾಳೆ ಸಂಜೆ ಹೂಳಬೇಕು.

“ಸಾಲಿನಲ್ಲಿ ಈಗ ಡೆನ್ಜಿಲ್ ಅಂಕಲ್‌ದೇ ಸರದಿ. ನೀವು ಬೇಡ ಅಂದ್ರೆ ಬೇರೆ ಚರ್ಚಿನವರ ಹತ್ರ ಜಾಗ ಕೇಳ್ತೇನೆ. ಅವನ ಹೆಂಡತಿ ರೆನಿಟಾಗೆ ಇದೆಲ್ಲ ಗೊತ್ತಿಲ್ಲ. ಒತ್ತಾಯ ಇಲ್ಲ ಟೀಚರ್.”

ಚಹಾ ಕುಡಿಯದೆ ಎದ್ದುಹೋದರು. ನಾನು ಮಲಗಿದೆ. ನಿದ್ದೆ ಬಂತೋ ಇಲ್ಲವೋ, ಬೋಳಾರದ ಮೆಟ್ಟಿಲು ಬಂತು. ಈ ಸಲ ಟೆಂಪೊ ಬಂದು ನಿಂತಿತ್ತು. ಹಿಂದೆ ಸಾಮಾನೇ ಇಲ್ಲ, ತುಂಬ ಜನ. ನನ್ನ ಅತ್ತೆ ಇದ್ದರು, ಡೆನ್ಜಿಲ್ ಜೊತೆ ಕ್ವಾಯರಿನಲ್ಲಿ ಹಾಡುತ್ತಿದ್ದ ದಪ್ಪ ದನಿಯ ಮುದುಕರಿದ್ದರು, ಹೆಸರು ಮರೆತ ಎಷ್ಟೋ ಮುಖಗಳಿದ್ದವು. ಎಲ್ಲರೂ ಒತ್ತಿಕೊಂಡು ಡೆನ್ಜಿಲ್‌ಗೆ ಜಾಗ ಮಾಡುತ್ತಿದ್ದರು. ಅವರು ಮಾತ್ರ ಹತ್ತುತ್ತಿಲ್ಲ. ಯಾಕೆಂದು ನೋಡಿದರೆ, ಚಾಪೆಯ ಒಂದು ತುದಿ ನನ್ನ ಕೈಯಲ್ಲಿತ್ತು.

“ಬಿಡು ಡ್ಯಾಫ್ನಿ,” ಎಂದರು ನಗುತ್ತ. “ಎಲ್ಲರೂ ಕಾಯ್ತಾ ಇದ್ದಾರೆ.”

ಎದ್ದವಳು ಮುಖ ತೊಳೆಯದೆ ಆಟೋ ಹಿಡಿದು ಹೋಗಿ ಸಹಿ ಹಾಕಿದೆ. ಅಕ್ಷರ ವಕ್ರವಾಯಿತು. ಪೆನ್ನು ಸರಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಇಬ್ಬರು ಕೆಲಸದವರು ಅಗೆದರು. ನೋಡಬಾರದೆಂದು ಮರದ ಕಡೆ ಮುಖ ಮಾಡಿ ನಿಂತಿದ್ದೆ. ಗುದ್ದಲಿಯ ಸದ್ದು ನಿಂತಿತು. ತಿರುಗಿದಾಗ ಹೆದರುವಂಥದ್ದು ಏನೂ ಇರಲಿಲ್ಲ. ಮಣ್ಣಿನದೇ ಬಣ್ಣದ, ಹಗುರವಾದ ಮೂಳೆಗಳು. ಬಿಳಿ ಬಟ್ಟೆಯಲ್ಲಿ ಕಟ್ಟಲು ಹೊರಟವನನ್ನು ತಡೆದು, “ಕೊಡಿ, ನಾನು ಮಾಡ್ತೇನೆ,” ಎಂದೆ. ಮಣ್ಣು ಒರೆಸಿ ಒಂದೊಂದಾಗಿ ಇಟ್ಟೆ. ಆಸ್ಪತ್ರೆಯವರು ಮುಟ್ಟಲು ಬಿಡದಿದ್ದ ಕೈಯನ್ನು ಆರು ವರ್ಷದ ಮೇಲೆ ಮುಟ್ಟಿದೆ. ಜೋರಾಗಿ ಅತ್ತುಬಿಟ್ಟೆ. ಆಮೇಲೆ ಎಂಬತ್ತೆರಡು ಕಿಲೋದ ನನ್ನ ಗಂಡನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಸ್ಮಶಾನದ ಉದ್ದಕ್ಕೂ ನಡೆದೆ. ಬಿಸಿಲು ಎಲೆಗಳ ನಡುವೆ ಇಳಿದು ನನ್ನ ಜೊತೆಗೇ ಬರುತ್ತಿತ್ತು. ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎನ್ನುವ ಹಾಗಿತ್ತು.

ಬಾವಿಯ ಮುಚ್ಚಳ ಸರಿಸಿದರು. ನಾನು ಬಗ್ಗಿ ನೋಡಿದೆ. ಕತ್ತಲೆ ಇರುತ್ತದೆಂದುಕೊಂಡಿದ್ದೆ, ಬಿಸಿಲು ತಳದವರೆಗೂ ಹೋಗಿತ್ತು. ಎಷ್ಟು ಜನ! ಅತ್ತೆ ಇಲ್ಲೇ ಇದ್ದಾರೆ, ಕ್ವಾಯರಿನವರು ಇಲ್ಲೇ ಇದ್ದಾರೆ. ಬಡವ ಯಾರು, ದೊಡ್ಡಮನೆಯವನು ಯಾರು, ದೇವರಿಗೇ ಗೊತ್ತು. ಗಂಟು ಇಳಿಸುವಾಗ ಫಾದರ್ ಪುನರುತ್ಥಾನದ ಮಾತು ಹೇಳಿದರು. ನಾನೂ ಹೇಳಿದೆ. ಆಗ ಮೀನು ನೆನಪಾಗಲಿಲ್ಲ.

ಸಂಜೆ ಪ್ರೇಮ್‌ನನ್ನು ತಂದರು. ರೆನಿಟಾಳನ್ನು ಇಬ್ಬರು ಹೆಂಗಸರು ಹಿಡಿದುಕೊಂಡಿದ್ದರು. ಪೆಟ್ಟಿಗೆ ಕೆಳಗಿಳಿಯಿತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಅವಳು ಹಾಕಲಿಲ್ಲ. ಬರಿ ಮುಷ್ಟಿ ಬಿಗಿಹಿಡಿದು ನಿಂತೇ ಇದ್ದಳು. ನಾನು ಹತ್ತಿರ ಹೋದೆ.

“ಟೀಚರ್, ಅವನಿಗೆ ಇಲ್ಲಿ ಒಬ್ಬನೇ ಆಗ್ತದಲ್ಲ,” ಎಂದಳು.

ಆರು ವರ್ಷ ನನ್ನೊಳಗೇ ಇದ್ದ ಮಾತನ್ನು ಅವಳ ಬಾಯಲ್ಲಿ ಕೇಳುತ್ತಿದ್ದೆ.

“ಸ್ವಲ್ಪ ವರ್ಷ ಮಾತ್ರ ಮಗಾ,” ಎಂದೆ. “ಆಮೇಲೆ ಎಲ್ಲರ ಜೊತೆ ಇರ್ತಾನೆ. ಏಳುವ ದಿನ ಒಟ್ಟಿಗೇ ಏಳ್ತಾರೆ, ಯಾರೂ ಒಬ್ಬೊಬ್ಬರೇ ಏಳ್ಲಿಕ್ಕಿಲ್ಲ. ಅಷ್ಟರವರೆಗೆ ಆದಿತ್ಯವಾರ ನಾನು ಬಂದು ಕೂರ್ತೇನೆ. ನೀನೂ ಬಾ.”

ಅವಳನ್ನು ಸಮಾಧಾನ ಮಾಡಲು ಹೇಳಿದ್ದೆಂದುಕೊಂಡೆ. ಹೇಳಿ ಮುಗಿದ ಮೇಲೆ ತಿಳಿಯಿತು, ನಾನು ಅದನ್ನು ನಂಬುತ್ತೇನೆ. ಅರವತ್ತೊಂದು ವರ್ಷ ಬಾಯಿಪಾಠ ಹೇಳಿ, ಈಗ ನಂಬುತ್ತೇನೆ.

ಬಗ್ಗಿ ಒಂದು ಹಿಡಿ ಮಣ್ಣು ಎತ್ತಿದೆ. ಬೆಳಿಗ್ಗೆ ಡೆನ್ಜಿಲ್‌ರ ಮೈಯಿಂದ ನಾನು ಒರೆಸಿದ್ದು ಇದೇ ಮಣ್ಣು. ರೆನಿಟಾಳ ಮುಷ್ಟಿ ಮೆಲ್ಲನೆ ಬಿಡಿಸಿ, ಅದರಲ್ಲಿ ಅರ್ಧ ಅವಳ ಕೈಗೆ ಹಾಕಿದೆ.