ಬಾಗಿಲ ಬೋಗುಣಿ

ಹೂ ಇಡಲು ಅಗಲವಾದ ಪಾತ್ರೆ ಹುಡುಕುತ್ತಿದ್ದ ನಾದಿನಿ, ಕೋಳಿ ಶೆಡ್ಡಿನ ಬಾಗಿಲಲ್ಲಿದ್ದ ತಗಡಿನ ಬೋಗುಣಿ ಎತ್ತಿ, ಅದರಲ್ಲಿದ್ದ ಫಿನಾಯಿಲ್ ನೀರನ್ನು ಚರಂಡಿಗೆ ಸುರಿದೇಬಿಟ್ಟಳು. ಸೊಸೆ ಅಡುಗೆಮನೆ ಕಿಟಕಿಯಿಂದ ನೋಡಿ ಓಡಿ ಬರುವಷ್ಟರಲ್ಲಿ ಬೋಗುಣಿ ಹೂ ತುಂಬಿಕೊಂಡು ಅತ್ತೆಯ ತಲೆಯ ಹತ್ತಿರ ಕೂತಾಗಿತ್ತು.

"ಅಯ್ಯೋ, ಅದು ಕಾಲು ಅದ್ದೋ ಬೋಗುಣಿ ಕಣೇ!"

"ಗೊತ್ತು ಅತ್ತಿಗೆ, ಚೆನ್ನಾಗಿ ತೊಳೆದಿದ್ದೀನಿ. ಇವತ್ತು ಶೆಡ್ಡಿಗೆ ಯಾರು ಹೋಗ್ತಾರೆ?" ನಾದಿನಿ ಮೂಗು ಒರೆಸಿಕೊಂಡಳು.

ಅಮ್ಮನ ಹೆಣ ಮುಂದಿಟ್ಟುಕೊಂಡು ಕೂತ ಮಗಳ ಹತ್ತಿರ ಬೋಗುಣಿಗಾಗಿ ಜಗಳ ಆಡುವುದುಂಟೇ? ಸೊಸೆ ಅಡುಗೆಮನೆಗೆ ವಾಪಸಾದಳು.

ಅಂಗಳದ ಕುರ್ಚಿಗಳಲ್ಲೂ ಅದೇ ಮಾತು. "ಫಿನಾಯಿಲಮ್ಮ ಅಂತ ಸುಮ್ನೆ ಹೆಸರು ಬಂತಾ?" ಎಂದ ಮೊಟ್ಟೆ ವ್ಯಾಪಾರಿ. "ಹತ್ತು ವರ್ಷ ಮೊಟ್ಟೆ ಒಯ್ದಿದ್ದೀನಿ, ಒಂದು ದಿನ ಆ ಬಾಗಿಲು ದಾಟಿಸ್ಲಿಲ್ಲ ಮಹಾತಾಯಿ. ತಪಾಸಣೆಗೆ ಬಂದ ಸಾಹೇಬ್ರಿಗೇ ಬೂಟು ಅದ್ದಿ ಅಂದ್ರಂತೆ!"

"ಅದ್ದಿದ್ರಾ?"

"ಅದ್ದದೇ ಏನ್ಮಾಡ್ತಾರೆ? ಇವರು ಪೊರಕೆ ಹಿಡ್ಕೊಂಡು ನಿಂತಿದ್ರಂತೆ."

ನಗು ಬಂತು. ಹೆಣ ನೆನಪಾಗಿ ಎಲ್ಲರೂ ಕೆಮ್ಮಿ ಸುಮ್ಮನಾದರು. ಆ ಮೌನದಲ್ಲಿ ಶೆಡ್ಡಿನೊಳಗಿನ ನಾನೂರು ಕೋಳಿಗಳ ಕೊರಕೊರ ಕೇಳಿಸಿತು. ಮನೆಯವರ ಹೊಟ್ಟೆ ಬಟ್ಟೆಯೆಲ್ಲ ಆ ಸದ್ದಿನಲ್ಲೇ ಇತ್ತು. ಅತ್ತೆ ಹಾಸಿಗೆ ಹಿಡಿದ ಗಡಿಬಿಡಿಯಲ್ಲಿ ಕೋಳಿಗಳ ಈ ಸಲದ ಲಸಿಕೆ ಬೇರೆ ಮುಂದಕ್ಕೆ ಹೋಗಿತ್ತು. ಸೊಸೆಗೆ ಬೆಳಗಿನಿಂದ ಅದೇ ಚಿಂತೆ.

*

ಹನ್ನೊಂದು ವರ್ಷದ ಹಿಂದೆ ಸೊಸೆ ಈ ಮನೆಗೆ ಹೊಸಬಳು. ಅತ್ತೆಯ ತಮ್ಮ, ತಾನೂ ಕೋಳಿ ಸಾಕುವವನೇ, ಅಕ್ಕನಿಗೆಂದು ಒಂದು ಹುಂಜ ತಂದು ಕೊಟ್ಟು, ಶೆಡ್ಡಿನೊಳಗೆಲ್ಲ ಓಡಾಡಿ ಹೋದ. ವಾರದಲ್ಲಿ ಕೋಳಿಗಳ ಕತ್ತು ತಿರುಚತೊಡಗಿತು. ಕೊಕ್ಕರೆ ರೋಗ, ಕಾಲಿಗೆ ಮೆತ್ತಿದ ಮಣ್ಣಿನಲ್ಲೂ ಬರುವ ಸೋಂಕು. ಇನ್ನೂರರಲ್ಲಿ ಒಂದೂ ಉಳಿಯಲಿಲ್ಲ. ಗಂಡ ಗುಂಡಿ ತೋಡಿದ, ನಾದಿನಿ ಚೀಲ ಹಿಡಿದಳು, ಸೊಸೆ ಸುಣ್ಣ ಚೆಲ್ಲಿದಳು. ಅತ್ತೆ ಮಾತ್ರ ಒಂದೊಂದನ್ನೂ ಎರಡು ಕೈಯಲ್ಲಿ ಎತ್ತಿ, ಕೂಸು ಮಲಗಿಸುವ ಹಾಗೆ ಗುಂಡಿಯಲ್ಲಿ ಇಟ್ಟಳು.

"ಸುಣ್ಣದ ಕೈಲಿ ಕಣ್ಣು ಒರೆಸ್ಕೋಬೇಡ್ವೇ ಹುಡುಗಿ," ಎಂದಳು. ಅತ್ತೆ ತನ್ನ ಜೊತೆ ಮೆತ್ತಗೆ ಮಾತಾಡಿದ್ದು ಅದೇ ಮೊದಲು. ಸೊಸೆ ಅದನ್ನು ಮರೆತಿಲ್ಲ.

ಮಾರನೆಯ ದಿನವೇ ಬೋಗುಣಿ ಬಂತು. ಮುಂದೆ ತಮ್ಮ ಬಂದಾಗ ಅತ್ತೆ ಅವನನ್ನು ಬಾಗಿಲಲ್ಲೇ ತಡೆದಳು. "ಕಾಲು ಅದ್ದು, ಇಲ್ಲಾ ತಿರುಗು."

"ನನ್ನ ಕಾಲು ಅಷ್ಟು ಹೊಲಸಾಯ್ತೇನಕ್ಕಾ?"

ಹೋದವನು ಮತ್ತೆ ಬರಲಿಲ್ಲ. ಅತ್ತೆ ದಿನಾ ಬೆಳಿಗ್ಗೆ ಬೋಗುಣಿಗೆ ಹೊಸ ನೀರು ಹಾಕುವಾಗ ಒಂದು ಸಲ ಗೇಟಿನ ಕಡೆ ನೋಡುತ್ತಿದ್ದಳು. ನೋಡಿದ್ದನ್ನು ಯಾರಾದರೂ ಕಂಡರೆ ಸಿಡುಕುತ್ತಿದ್ದಳು. ಹೋದ ವಾರ, ಮಾತು ತೊದಲುತ್ತಿದ್ದಾಗಲೂ, ಸೊಸೆಯ ಮಣಿಕಟ್ಟು ಹಿಡಿದು "ಬೋಗುಣಿ... ಯಾರೇ ಬರ್ಲಿ" ಎಂದಿದ್ದಳು.

"ಆಯ್ತು ಅತ್ತೆ," ಎಂದಿದ್ದಳು ಸೊಸೆ.

*

ಹೆಣ ಒಯ್ಯುವ ಗಾಡಿ ಇನ್ನೇನು ಬರಬೇಕು, ಆಗ ಆ ತಮ್ಮ ಬಂದ. ಎಪ್ಪತ್ತು ದಾಟಿದ ಮುದುಕ, ಮಣ್ಣು ಮೆತ್ತಿದ ಬೂಟು. ಅಕ್ಕನ ಮುಖ ನೋಡಿ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಎದ್ದು ನೇರ ಶೆಡ್ಡಿನ ಕಡೆ ನಡೆದ.

"ಇದರ ಮೊದಲ್ನೇ ಕಂಬ ನಾನೇ ನೆಟ್ಟಿದ್ದು ಕಣಮ್ಮಾ. ಒಂದ್ಸಲ ಒಳಗೆ ನಿಂತು ಬರ್ತೀನಿ."

ಸೊಸೆ ಬಾಗಿಲಿಗೆ ಅಡ್ಡ ನಿಂತಳು. "ಮಾವ, ಅದು... ಕಾಲು..."

ಮುದುಕ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು! ಪ್ಯಾಂಟು ಮೇಲಕ್ಕೆ ಎಳೆದುಕೊಂಡು, ಚೌಕಟ್ಟು ಹಿಡಿದು, ಒಂದು ಕಾಲು ಎತ್ತಿ ನಿಂತ. "ಅದ್ದುತ್ತೀನಮ್ಮಾ. ಆವತ್ತೇ ಅದ್ದಬೇಕಿತ್ತು, ಹಾಳು ಜಂಬ. ಎಲ್ಲಿ ಅಕ್ಕನ ಬೋಗುಣಿ?"

ಬೋಗುಣಿ ಇನ್ನೂ ಹೂ ತುಂಬಿಕೊಂಡು ಹೆಣದ ತಲೆಯ ಹತ್ತಿರ ಕೂತಿತ್ತು. ಅಂಗಳಕ್ಕೆ ಅಂಗಳವೇ ನೋಡುತ್ತಿತ್ತು. ಗಂಡ ಹತ್ತಿರ ಬಂದು ಹಲ್ಲು ಕಚ್ಚಿದ. "ಇವತ್ತಾದ್ರೂ ಬಿಡೇ. ಹೆಣದ ಮುಂದೆ ಮಾನ ಕಳೀಬೇಡ."

ಒಂಟಿ ಕಾಲಲ್ಲಿ ನಡುಗುತ್ತಾ ನೆಲದ ಮೇಲೆ ಬೋಗುಣಿ ಹುಡುಕುತ್ತಿದ್ದ ಆ ಮುದುಕನ ತೋಳನ್ನು ಸೊಸೆ ಹಿಡಿದುಕೊಂಡಳು.

"ಬೇಡ ಬಿಡಿ ಮಾವ. ಹಾಗೇ ಹೋಗಿ." ಚಿಲಕ ತೆಗೆದವಳೂ ಅವಳೇ.

ಹೊಸದಾಗಿ ಹಾಸಿದ ಮರದ ಹೊಟ್ಟಿನ ಮೇಲೆ ಅವನು ಆ ತುದಿಯವರೆಗೆ ನಡೆದು, ಕಂಬ ಸವರಿ, ಹೊರಗೆ ಬಂದು ಅವಳ ತಲೆ ಮೇಲೆ ಕೈ ಇಟ್ಟ. "ದೊಡ್ಡ ಮನಸ್ಸು ಕಣಮ್ಮಾ ನಿಂದು." ಸೊಸೆಗೆ ಅಳು ಬಂತು. ಅತ್ತೆಯೂ ಇದನ್ನೇ ಬಯಸಿದ್ದಳೇನೋ ಅನ್ನಿಸಿತು.

ಮಣ್ಣು ಮುಗಿಸಿ ಬಂದವರಿಗೆಲ್ಲ ಚಹಾ ಆಯಿತು. ಮುದುಕ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ.

"ಹುಷಾರಿಲ್ಲ ಅಂತ ಕೇಳಿ ನಾಲ್ಕು ದಿನದ ಹಿಂದೇನೇ ಹೊರಟಿದ್ದೆ. ಜೀವ ಇದ್ದಾಗ್ಲೇ ಮುಖ ನೋಡ್ತಿದ್ದೆ. ಕೋಳಿಗಳು ಬಿಡ್ಲಿಲ್ಲ ನೋಡು."

ಸೊಸೆಯ ಕೈಯ ತಟ್ಟೆ ಅಲ್ಲೇ ನಿಂತಿತು. "ಯಾಕೆ ಮಾವ, ಕೋಳಿಗಳಿಗೆ ಏನಾಯ್ತು?"

"ಬಿಸಿಲಿಗೆ ಇರ್ಬೇಕು. ದಿನಕ್ಕೆ ಹತ್ತು ಹನ್ನೆರಡು ಬೀಳ್ತಿವೆ. ಬೆಳಿಗ್ಗೆ ಹೂಳ್ತಾ ಇದ್ದಾಗ್ಲೇ ಸುದ್ದಿ ಬಂತು. ಹಾಗೇ ಗಾಡಿ ಹತ್ತಿದೆ."

"ಕತ್ತು ತಿರುಚ್ತಿದ್ವಾ?"

ಮುದುಕ ಬಗ್ಗಿ ತನ್ನ ಬೂಟು ನೋಡಿಕೊಂಡ. ಲೋಟ ಮೆಲ್ಲಗೆ ಕೆಳಗಿಟ್ಟ.

ಸೊಸೆ ಓಡಿದಳು. ಬಾಗಿಲ ಪಕ್ಕದ ಸುಣ್ಣದ ಡಬ್ಬಕ್ಕೆ ಕೈ ಹಾಕಿ, ಎರಡೂ ಮುಷ್ಟಿ ತುಂಬಿಕೊಂಡು, ಭುಜದಿಂದ ಬಾಗಿಲು ತಳ್ಳಿ ಒಳಗೆ ನುಗ್ಗಿದಳು.

ಹೊಟ್ಟಿನ ಮೇಲೆ ಬೂಟಿನ ಗುರುತು ಈ ತುದಿಯಿಂದ ಆ ತುದಿಯವರೆಗೆ ಸಾಲಾಗಿ ಬಿದ್ದಿತ್ತು. ಕೋಳಿಗಳಿಗೆ ಹೊಸದೆಂದರೆ ಎಲ್ಲಿಲ್ಲದ ಆಸೆ. ಒಂದೊಂದು ಹೆಜ್ಜೆಯ ಸುತ್ತಲೂ ಐದಾರು ಕೋಳಿಗಳು ತಲೆ ಬಗ್ಗಿಸಿ, ಬೂಟಿನಿಂದ ಉದುರಿದ ಮಣ್ಣನ್ನು ಕುಕ್ಕಿ ಕುಕ್ಕಿ ತಿನ್ನುತ್ತಿದ್ದವು.